ನೂರಕ್ಕೆ ಒಂಬತ್ತು ಕಡಿಮೆ

ರಾಯಚೂರು ಯಾರ್ಡಿನ ಐದನೇ ಲೈನಿನಲ್ಲಿ
ಕಲ್ಲಿದ್ದಲ ರೇಕು ನಿಂತು ಉಸಿರು ಬಿಡುವ ಹೊತ್ತು
ಬ್ಯಾಟರಿ ಹಿಡಿದು ನಡೆಯುತ್ತಾನೆ
ನಂಬರು ಬರೆಯುವ ಬಂದೇನವಾಜ.
"ಐವತ್ತೊಂಬತ್ತು ಡಬ್ಬಿ. ಸಮ ಹಂಚಾಕ ಬರಲ್ಲ ನೋಡು,
ಯಾರಿಗೂ."
ನಾನು ಪಾಯಿಂಟ್ಸ್‌ಮನ್. ಹಂಚುವುದಲ್ಲ,
ಜೋಡಿಸುವುದು ನನ್ನ ಕೆಲಸ.

ಆ ಬೇಸಿಗೆಯ ರಾತ್ರಿ, ಹಳಿ ಇನ್ನೂ ರೊಟ್ಟಿ ಹಂಚಿನಂತೆ ಕಾದಿತ್ತು,
ಒಂದು ಡಬ್ಬಿಯ ಪಕ್ಕೆಯಿಂದ
ಅಂಗೈಗೆ ಇಳಿಸಿಕೊಂಡ ಹನ್ನೊಂದು ಅಂಕಿ:
10292395571.
ಸಾವಿರದ ಇಪ್ಪತ್ತೊಂಬತ್ತು ಕೋಟಿ, ಮೇಲೆ ಚಿಲ್ಲರೆ.
ಸಮವಲ್ಲ. ಅಂಕಿ ಕೂಡಿದರೆ ನಲವತ್ತನಾಲ್ಕು,
ಮೂರರ ಮನೆತನದ್ದಲ್ಲ.
ಐದರ ಬಾಲವಿಲ್ಲ.
ಏಳಕ್ಕೆ ಮೂರು ಉಳಿಯಿತು, ಹನ್ನೊಂದಕ್ಕೆ ಏಳು,
ಹತ್ತೊಂಬತ್ತಕ್ಕೆ ಒಂದೇ ಒಂದು.
"ತಪ್ಪಿಸ್ಕೊಂತು" ಎಂದ,
ಕಣ್ಣೆದುರೇ ಬಸ್ಸು ಬಿಟ್ಟವನ ಹಾಗೆ.

ಅಂದಿನಿಂದ ರಾತ್ರಿಗೊಂದು ಅವಿಭಾಜ್ಯ,
ಪಾಳಿ ಇರಲಿ, ಇಲ್ಲದಿರಲಿ,
ರದ್ದಾದ ಮೆಮೊಗಳ ಬೆನ್ನ ಮೇಲೆ.
"ಇದರ ವರ್ಗಮೂಲ ಲಕ್ಷ ದಾಟ್ತದ. ಅಷ್ಟರೊಳಗ
ಒಂಬತ್ತು ಸಾವಿರದ ಏಳ್ನೂರು ಅವಿಭಾಜ್ಯ, ಸುಮಾರು.
ಇಪ್ಪತ್ತಾರು ವರ್ಷದ ಕೆಲಸ."
ನೌಕರಿ ಉಳಿದದ್ದು ನಾಲ್ಕು.
ಫೋನಿಗೆ ಕೇಳಬಾರದೇ ಅಂದೆ.
"ಕೇಳಬಹುದು. ನನ್ನ ರೋಜಾಕ್ಕ
ನೀನು ಹಸಕೊಂಡಿದ್ದರ ನಡೀತದೇನು?"

ಬೇಸಿಗೆ ಮೂರು ಕಳೆದವು.
ಒಂದು ರಾತ್ರಿ ಶೇಷ ಬರಲಿಲ್ಲ.

7919. ಎಣಿಸಿದರೆ ಸಾವಿರನೆಯ ಅವಿಭಾಜ್ಯ.
ಅದರ ಎದುರು ನಿಂತದ್ದು 1299709,
ಪಟ್ಟಿ ತಿರುವಿದರೆ ಅದು ಲಕ್ಷನೆಯದು!
ಯಾರು ಯಾವ ಜಾತಕ ನೋಡಿ ಕೂಡಿಸಿದ್ದರೋ.
ಆಮೇಲೆ ಅದಕ್ಕೆ ಜಾತಿ ಹಚ್ಚಿದ:
ಬೆಸ, ಭಾಜ್ಯ, ಎರಡೇ ಬೇರಿನದು,
ನ್ಯೂನ.
ತನ್ನ ಭಾಜಕಗಳನ್ನೆಲ್ಲ ಕೂಡಿದರೂ ಹದಿಮೂರು ಲಕ್ಷ ಚಿಲ್ಲರೆ;
ಸಾವಿರ ಕೋಟಿಯ ಮೈಗೆ ಒಂದು ಹಿಡಿ ಹಿಟ್ಟು.
"ತನ್ನವರೆಲ್ಲ ಸೇರಿದರೂ ತಾನಾಗಲ್ಲ" ಎಂದು ನಕ್ಕು
ಗ್ಯಾಂಗಿನ ಹನ್ನೆರಡೂ ಮಂದಿಗೆ ಚಾ ಕುಡಿಸಿದ, ಮಿರ್ಚಿ ತಿನ್ನಿಸಿದ.

ಆಷಾಢದ ಗಾಳಿಯಲ್ಲಿ ಅದೇ ಡಬ್ಬಿ ಬಂತು.
ಬೀಗರನ್ನು ಎದುರುಗೊಳ್ಳುವವನಂತೆ ಹೋದ.
ಬ್ಯಾಟರಿ ಹಿಡಿದ. ಹಿಡಿದೇ ಇದ್ದ.
ಕೊನೆಯ ಅಂಕಿಯ ನೆತ್ತಿಯಲ್ಲಿ, ಎಡಕ್ಕೆ,
ಬಣ್ಣ ಎದ್ದು ಮಸಿ ಕೂತಿತ್ತು.
ಉಗುರಿನಿಂದ ಕೆರೆದ.
ಮಸಿಯಡಿ ಒಂದು ಸಣ್ಣ ಕುಣಿಕೆ.

ಅವನೇ ನನಗೆ ಕಲಿಸಿದ್ದ ನಿಯಮ, ಆ ರಾತ್ರಿ ಮರೆತದ್ದು:
ಹನ್ನೊಂದನೆಯದು ಉಳಿದ ಹತ್ತರ ಕಾವಲುಗಾರ.
ಬೆಸ ಮನೆಯವು ಕೂಡಿದರೆ ಹತ್ತೊಂಬತ್ತು.
ಸಮ ಮನೆಯವು ಇಪ್ಪತ್ತನಾಲ್ಕು, ಮೂರು ಪಟ್ಟು ಎಪ್ಪತ್ತೆರಡು.
ತೊಂಬತ್ತೊಂದು.
ಹತ್ತರ ಮುಂದಿನ ಮೆಟ್ಟಿಲು ನೂರು.
ಕೊರತೆ ಎಷ್ಟೋ ಅದೇ ಕೊನೆಯ ಅಂಕಿ:
ಒಂಬತ್ತು. ಒಂದಲ್ಲ.

"ಹಂಗಂದ್ರ ಮೂರು ವರ್ಷ ಸುಳ್ಳು?"
ಬಹಳ ಹೊತ್ತು ಮಾತಾಡಲಿಲ್ಲ. ಎಂಜಿನ್ ಎಲ್ಲೋ ಮುಂದೆ ಗೊರಕೆ ಹೊಡೆಯುತ್ತಿತ್ತು.
"ಸುಳ್ಳು ಯಾಕ? ಸಾವಿರನೇದು, ಲಕ್ಷನೇದು,
ಗುಣಿಸಿದರ ಅದೇ ಬರ್ತದ, ಯಾವಾಗಲೂ.
ಯಾವ ಡಬ್ಬಿ ಮ್ಯಾಲೂ ಇಲ್ಲ, ಅಷ್ಟ."

ಆಮೇಲೆ ಹೊಸ ಮೆಮೊ ಹುಡುಕಿದ.
10292395579.
ಹದಿಮೂರಕ್ಕೆ ಹನ್ನೊಂದು. ಹದಿನೇಳಕ್ಕೆ ಒಂದು.
ಇಪ್ಪತ್ತಮೂರಕ್ಕೆ ಇಪ್ಪತ್ತೆರಡು ಉಳಿದಾಗ
ಸಿಗ್ನಲ್ ಬಿದ್ದಿತು,
ಐವತ್ತೊಂಬತ್ತೂ ಒಂದರ ಹಿಂದೊಂದು ಕೊಂಡಿ ಎಳೆದುಕೊಂಡು
ಯರಮರಸಿನ ಕಡೆ ಹೊರಟವು.

ಪೆನ್ಸಿಲ್ ನನ್ನ ಕೈಗೆ ಯಾವಾಗ ಬಂತೋ.
ಬಾಲದ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ
ಇಪ್ಪತ್ತೊಂಬತ್ತರಿಂದ ಭಾಗಿಸುತ್ತಿದ್ದೆ.
ಹನ್ನೊಂದು ಉಳಿಯಿತು.